ಹಿತ್ತಲ ನೀರಿಗೊಂದು ದಾರಿ

ಏಪ್ರಿಲ್ ಕೊನೆಗೆ ಹುಬ್ಬಳ್ಳಿಯಲ್ಲಿ ಒಂದು ಜೋರು ಅಡ್ಡಮಳೆ ಬಿತ್ತೆಂದರೆ ಮರುದಿನ ಬೆಳಿಗ್ಗೆಯೇ ಪರಿಚಯದವರ ಫೋನು ಶುರುವಾಗುತ್ತದೆ. "ಹಿತ್ತಲದಾಗ ನೀರು ನಿಂತಾವ್ರಿ, ಗುಂಡಿ ಎಲ್ಲೆ ತೋಡಸೂಣು?" ನೀರಾವರಿ ಇಲಾಖೆಯ ಕಾಲುವೆ, ಬಸಿಗಾಲುವೆಗಳ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ನಿವೃತ್ತಿಯ ಮೇಲೆ ನೆಂಟರಿಷ್ಟರ ಹಿತ್ತಲು ನೋಡಿ ಕೊಡುವ ಕೆಲಸ ತಾನಾಗಿಯೇ ಹೆಗಲಿಗೆ ಬಂತು, ಸಂತೋಷದಿಂದಲೇ ಮಾಡುತ್ತೇನೆ. ಗುಂಡಿಯ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದೇ. ಗುಂಡಿಯ ಮಾತು ಆಮೇಲೆ. ನೀರು ಎಲ್ಲಿಂದ ಬಂತು, ಅದು ಎಲ್ಲಿಗೆ ಹೋಗಲು ಸಾಧ್ಯ ಎಂಬುದು ಗೊತ್ತಾಗುವ ತನಕ ಗುದ್ದಲಿ ಮುಟ್ಟಬೇಡಿ.

ಇಂಗುಗುಂಡಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಮಣ್ಣು ಒಡ್ಡರು ತೋಡುವ ಇಂಗುಬಾವಿಗಳು ಚಾವಣಿಯ ನೀರನ್ನು ಗಟಗಟನೆ ಕುಡಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಕರಾವಳಿಯ ಜಂಬಿಟ್ಟಿಗೆಯ ನೆಲವೂ ಅಷ್ಟೇ, ಸುರಿದಷ್ಟು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಆ ಊರುಗಳ ಉಪಾಯವನ್ನು ಹಾಗೆಯೇ ಎತ್ತಿ ತಂದು ಹುಬ್ಬಳ್ಳಿಯಿಂದ ಪೂರ್ವಕ್ಕೆ ಹರಡಿದ ಎರೆನೆಲದಲ್ಲಿ ಇಟ್ಟರೆ ಅದು ನಡೆಯುವುದಿಲ್ಲ. ಉಸುಕಿನ ನೆಲ ಗಂಟೆಗೆ 30 ಮಿಲಿಮೀಟರ್‌ಗಿಂತ ಹೆಚ್ಚು ನೀರನ್ನು ಇಂಗಿಸಬಲ್ಲದು. ತೋಯ್ದ ಜಿಗುಟು ಮಣ್ಣು ಇಂಗಿಸುವುದು ಗಂಟೆಗೆ 1ರಿಂದ 5 ಮಿಲಿಮೀಟರ್ ಮಾತ್ರ. ನಮ್ಮ ಅಡ್ಡಮಳೆ ಒಂದೇ ತಾಸಿನಲ್ಲಿ ಅದರ ಹತ್ತರಷ್ಟು ಸುರಿದು ಹೋಗುತ್ತದೆ.

ಇದಕ್ಕೆ ಕಾರಣ ಎರೆಮಣ್ಣಿನ ಕಣದಲ್ಲೇ ಇದೆ. ಜೇಡಿಯ ಕಣ 0.002 ಮಿಲಿಮೀಟರ್‌ಗಿಂತ ಸಣ್ಣದು, ಕಣ್ಣಿಗೆ ಕಾಣುವುದೇ ಇಲ್ಲ. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಜಾತಿ ಹೆಚ್ಚು. ತೆಳ್ಳನೆಯ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಅದರ ಪದರಗಳ ನಡುವೆ ನೀರು ಹೊಕ್ಕರೆ ಇಡೀ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗಿ ಬಿರುಕು ಬಿಡುತ್ತದೆ. ಮೇ ತಿಂಗಳಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು ಬಿಟ್ಟ ಹೊಲ ಯಾರು ನೋಡಿಲ್ಲ? ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಸರಸರನೆ ಇಳಿದಾಗ ನೆಲ ಚೆನ್ನಾಗಿ ಕುಡಿಯುತ್ತಿದೆ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡ ಮೇಲೆ ಬಿದ್ದ ನೀರೆಲ್ಲ ಮೇಲೆಯೇ ನಿಲ್ಲುತ್ತದೆ.

ಗಲ್ಲಿಯವರೆಲ್ಲ ಅಕ್ಕೋರು ಎಂದೇ ಕರೆಯುವ ನಿವೃತ್ತ ಶಿಕ್ಷಕಿಯೊಬ್ಬರ ಮನೆ ನಮ್ಮ ಹಿಂದಿನ ಸಾಲಿನಲ್ಲಿದೆ. 40-60ರ ಸೈಟು. ಹಿಂದೆ 14 ಅಡಿ ಅಗಲದ ಹಿತ್ತಲು, ಒಂದು ಕರಿಬೇವು, ಒಗೆಯುವ ಕಲ್ಲು, ಎರಡು ಪಪ್ಪಾಯಿ ಗಿಡ. ಅಡುಗೆಮನೆಯ ಗೋಡೆಗೆ ಹತ್ತಿದಂತೆ ಒಬ್ಬ ಗುತ್ತಿಗೆದಾರ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಆರು ಅಡಿ ಆಳದ ಗುಂಡಿ ತೋಡಿ, ಖಡಿ ತುಂಬಿ, ಚಾವಣಿಯ ಪೈಪುಗಳನ್ನೆಲ್ಲ ಅದಕ್ಕೆ ತಿರುಗಿಸಿ ಹೋಗಿದ್ದ.

"ಸಾಹೇಬ್ರ, ರೊಕ್ಕಾ ಕೊಟ್ಟು ಇಂಗುಗುಂಡಿ ಮಾಡಿಸೀನಿ. ಈಗ ಅದಽ ಬಾವಿ ಆಗಿ ಕುಂತದ. ಸೊಳ್ಳಿ ಕಾಟಕ್ಕ ಹಿತ್ತಲ ಬಾಗಲಾ ತಗಿಯೂಹಂಗಿಲ್ಲ ನೋಡ್ರಿ" ಎಂದರು ಅಕ್ಕೋರು.

ಲೆಕ್ಕ ಹಾಕಿ ತೋರಿಸಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅವರ ಚಾವಣಿ ಸುಮಾರು 1,000 ಚದರಡಿ, ಅಂದರೆ 93 ಚದರ ಮೀಟರ್. ಒಂದು ಸಂಜೆಯ 50 ಮಿಲಿಮೀಟರ್ ಮಳೆಗೆ ಅಲ್ಲಿಂದ ಇಳಿಯುವುದು ನಾಲ್ಕೂವರೆ ಸಾವಿರ ಲೀಟರ್‌ಗೂ ಹೆಚ್ಚು. ಆ ಗುಂಡಿಯ ಅಳತೆ 96 ಘನ ಅಡಿ, ಖಾಲಿ ಇದ್ದರೆ 2,700 ಲೀಟರ್ ಹಿಡಿದೀತು. ಆದರೆ ಅದರ ತುಂಬ ಖಡಿ ಇದೆ. ಕಲ್ಲುಗಳ ನಡುವಿನ ಸಂದು ಹತ್ತರಲ್ಲಿ ನಾಲ್ಕು ಪಾಲು ಎಂದು ಹಿಡಿದರೂ ನೀರಿಗೆ ಸಿಗುವುದು 1,100 ಲೀಟರ್ ಜಾಗ. ಒಂದು ದೊಡ್ಡ ಮಳೆಯ ಕಾಲು ಭಾಗವೂ ಅದರಲ್ಲಿ ಹಿಡಿಯದು. ಹಿಡಿದದ್ದಾದರೂ ಸುತ್ತಲಿನ ಎರೆಯೊಳಗೆ ಇಂಗಬೇಕಲ್ಲ, ಬಿಸಿಲು ಬೀಳುವ ತನಕ ಅದು ಅಲ್ಲೇ ನಿಂತಿರುತ್ತದೆ.

ಆ ಗುಂಡಿಯಿಂದ ಇದಕ್ಕಿಂತ ದೊಡ್ಡ ಕೇಡು ಗೋಡೆಗೆ ಆಗುತ್ತಿತ್ತು. ಮನೆ ಕಟ್ಟುವಾಗ ಬುನಾದಿಗೆ ತೋಡಿದ ಕಾಲುವೆಯನ್ನು ಮತ್ತೆ ಮುಚ್ಚುತ್ತಾರಲ್ಲ, ಆ ಮಣ್ಣು ಸುತ್ತಲಿನ ನೆಲಕ್ಕಿಂತ ಸಡಿಲವಾಗಿರುತ್ತದೆ. ಹತ್ತಿರ ನಿಂತ ನೀರು ಅತ್ತಲೇ ನುಗ್ಗಿ ಬುನಾದಿಯ ಗುಂಟ ಹರಿದಾಡುತ್ತದೆ. ಕೆಳಗಿನ ಎರೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಗೋಡೆಯನ್ನು ಎತ್ತಿ ಇಳಿಸುತ್ತದೆ. ಅಕ್ಕೋರ ಅಡುಗೆಮನೆಯ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೊರಟಿತ್ತು. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಸೀಳು ಎದ್ದಿತ್ತು. ಇಂಗುಗುಂಡಿ ಎಂಥ ಒಳ್ಳೆಯ ನೆಲದಲ್ಲೇ ಇರಲಿ, ಬುನಾದಿಯಿಂದ ಹತ್ತು ಅಡಿಯಾದರೂ ದೂರ ಇರಬೇಕು. ಇದರಲ್ಲಿ ರಾಜಿ ಇಲ್ಲ.

ಆ ಬಿಳಿ ಉಪ್ಪು ನನಗೆ ಹಳೆಯ ಪರಿಚಯ. ಮಲಪ್ರಭಾ ಕಾಲುವೆಯ ನೀರು ನವಲಗುಂದ, ನರಗುಂದದ ಎರೆಹೊಲಗಳಿಗೆ ಬಂದಾಗ ರೈತರಿಗೆ ನೀರು ಕೊಡುವ ಗಡಿಬಿಡಿಯಲ್ಲಿ ಆ ನೀರನ್ನು ಹೊರಗೆ ಕಳಿಸುವ ದಾರಿಯನ್ನು ಯಾರೂ ಸಾಕಷ್ಟು ಯೋಚಿಸಲಿಲ್ಲ. ಕುಡಿಯಲಾಗದ ನೆಲಕ್ಕೆ ಮತ್ತೆ ಮತ್ತೆ ನೀರು ಕೊಟ್ಟರೆ ಒಳಗಿನ ನೀರಿನ ಮಟ್ಟ ಬೇರಿನವರೆಗೆ ಏರುತ್ತದೆ. ಏರಿದ ನೀರು ಬಿಸಿಲಿಗೆ ಆವಿಯಾಗಿ ಹೋದಾಗ ಉಪ್ಪು ಮೇಲೆ ಉಳಿಯುತ್ತದೆ. ಸವಳು, ಜವಳು ಎಂದು ರೈತರು ಕರೆಯುವ ಆ ಹೊಲಗಳಲ್ಲಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಕಾಲುವೆಯಷ್ಟೇ ಬಸಿಗಾಲುವೆಯೂ ಮುಖ್ಯ ಎಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಅಲ್ಲಿಯೇ. ಎಕರೆಗಟ್ಟಲೆ ಹೊಲದಲ್ಲಿ ಆಗುವುದೇ ಅಕ್ಕೋರ ಹಿತ್ತಲಿನಲ್ಲಿ ಸಣ್ಣ ಪ್ರಮಾಣದಲ್ಲಿ ಆಗುತ್ತಿತ್ತು.

ಬಸಿಗಾಲುವೆಯ ವಿದ್ಯೆಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಶಿರಸಿ, ಸಿದ್ದಾಪುರದ ಕಡೆ ಹಳೆಯ ಅಡಿಕೆ ತೋಟಕ್ಕೆ ಹೋಗಿ ನೋಡಿ. ಮರಗಳ ಸಾಲಿನ ನಡುವೆ, ಬೇರಿಗಿಂತ ಆಳಕ್ಕೆ ಕಾಲುವೆ ತೆಗೆದು, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಇಳುಕಲು ಕೊಟ್ಟಿರುತ್ತಾರೆ. ಮಳೆಗಾಲಕ್ಕೆ ಮುಂಚೆ ಅದರ ಹೂಳು ತೆಗೆಯದೆ ಬಿಟ್ಟ ತೋಟಿಗನನ್ನು ಊರವರೇ ಕೇಳುತ್ತಾರೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತು. ಅಮೆರಿಕದ ಹೆನ್ರಿ ಫ್ರೆಂಚ್ ಎಂಬ ನ್ಯಾಯಾಧೀಶರು 1859ರಲ್ಲಿ ಹೊಲದ ನೀರು ಬಸಿಯುವುದರ ಬಗ್ಗೆ ದೊಡ್ಡ ಪುಸ್ತಕ ಬರೆದರು. ಈಗ ಎಂಜಿನಿಯರುಗಳು ಫ್ರೆಂಚ್ ಡ್ರೇನ್ ಎನ್ನುವ, ಖಡಿ ತುಂಬಿದ ಕಾಲುವೆಗೆ ಅವರದೇ ಹೆಸರು. ಅದೂ ಬಸಿಗಾಲುವೆಯೇ, ಒಳಗೆ ಕಲ್ಲು ತುಂಬಿದ್ದೊಂದೇ ವ್ಯತ್ಯಾಸ.

ಅಕ್ಕೋರ ಮನೆಯ ಕೆಲಸಕ್ಕೆ ನನ್ನ ಹಳೆಯ ಜೊತೆಗಾರ, ಎಲ್ಲರ ಬಾಯಲ್ಲಿ ಗೌಂಡಿ ಕಾಕಾ ಆದವರನ್ನು ಕರೆದೆ. ನಾವು ಮೊದಲು ಮಾಡಿದ್ದು ಮಳೆ ಬರುವುದನ್ನು ಕಾದು, ಕೊಡೆ ಹಿಡಿದು ಹಿತ್ತಲಲ್ಲಿ ನಿಂತದ್ದು. ನೀರು ನಿಂತ ಮೇಲೆ ನೋಡಿದರೆ ಎಲ್ಲ ಕಡೆಯಿಂದಲೂ ಬಂದಂತೆಯೇ ಕಾಣುತ್ತದೆ. ಹರಿಯುವಾಗ ನೋಡಿದರೆ ದಾರಿ ಸ್ಪಷ್ಟ. ಅಲ್ಲಿ ಮೂರು ಕಡೆಯಿಂದ ಬರುತ್ತಿತ್ತು. ಚಾವಣಿಯದು ದೊಡ್ಡ ಪಾಲು. ಪಕ್ಕದ ಸೈಟಿನವರು ನೆಲ ಎತ್ತರಿಸಿ ಫರಸಿ ಹಾಸಿದ್ದರಿಂದ ಅತ್ತಲಿಂದ ಕಂಪೌಂಡಿನ ಸಂದಿನಲ್ಲಿ ಬರುವುದು ಇನ್ನೊಂದು. ಒಗೆಯುವ ಕಲ್ಲಿನ ನೀರು ದಿನವೂ ಬಂದು ಮಣ್ಣನ್ನು ಆರಲು ಬಿಡದೆ ಇಟ್ಟಿತ್ತು, ಅದು ಮೂರನೆಯದು. ಇದೆಲ್ಲ ಹೋಗಿ ಸೇರುವ ತಗ್ಗು ಅಡುಗೆಮನೆಯ ಗೋಡೆಯ ಬುಡ. ಅಂಗಳದ ಇಳುಕಲು ಮನೆಯಿಂದ ಹೊರಗೆ ಇರಬೇಕಾದದ್ದು ಮನೆಯ ಕಡೆಗೇ ಇತ್ತು.

ಮಣ್ಣಿನ ಪರೀಕ್ಷೆಗೆ ಪ್ರಯೋಗಾಲಯ ಬೇಡ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಮಾಡುತ್ತ ಹೋಗಿ. ಎರಡು ಅಂಗುಲದವರೆಗೂ ಹರಿಯದೆ ಬಂದರೆ ಅದು ಜಿಗುಟು ಮಣ್ಣು. ಆಮೇಲೆ ಒಂದು ಅಡಿ ಆಳದ ತಗ್ಗು ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಎರಡನೆಯ ಸಲ ತುಂಬಿ, ಒಳಗೆ ಒಂದು ಅಳತೆಪಟ್ಟಿ ನಿಲ್ಲಿಸಿ. ಗಂಟೆಗೆ ಒಂದು ಅಂಗುಲದ ಮೇಲೆ ಇಳಿದರೆ ಇಂಗುಗುಂಡಿ ಮಾಡಬಹುದು. ಅರ್ಧ ಅಂಗುಲವೂ ಇಳಿಯದಿದ್ದರೆ ಆ ಯೋಚನೆ ಬಿಟ್ಟು ನೀರನ್ನು ಹೊರಗೆ ಸಾಗಿಸುವ ದಾರಿ ಹುಡುಕಬೇಕು. ಅಕ್ಕೋರ ಹಿತ್ತಲಿನಲ್ಲಿ ಸಂಜೆ ತುಂಬಿದ ನೀರು ಮರುದಿನ ಬೆಳಿಗ್ಗೆಯೂ ಇತ್ತು.

ಹೊರಗೆ ಸಾಗಿಸುವುದಕ್ಕೆ ಮಟ್ಟ ಸಿಗಬೇಕು. ಇಡೀ ಕೆಲಸದಲ್ಲಿ ನನಗೆ ಬಹಳ ಪ್ರೀತಿಯ ಹಂತ ಇದು. ಗೌಂಡಿ ಕಾಕಾನ ಚೀಲದಲ್ಲಿ ಬೆರಳು ದಪ್ಪದ ಪಾರದರ್ಶಕ ಪೈಪಿನ ಸುರುಳಿ ಇರುತ್ತದೆ. ಅದರಲ್ಲಿ ನೀರು ತುಂಬಿ ಒಂದು ತುದಿಯನ್ನು ಹಿತ್ತಲ ತಗ್ಗಿನಲ್ಲಿ ನೆಟ್ಟ ಕೋಲಿಗೆ, ಇನ್ನೊಂದನ್ನು ಮನೆಯ ಮುಂದಿನ ಗಟಾರದೊಳಗೆ ನಿಲ್ಲಿಸಿದ ಕೋಲಿಗೆ ಹಿಡಿದೆವು. ಎರಡೂ ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ನೆಲಕ್ಕೆ ಅಳೆದರೆ ಎರಡು ಜಾಗದ ಎತ್ತರದ ವ್ಯತ್ಯಾಸ ತಿಳಿಯುತ್ತದೆ. ನಾನು ಗುರುತು ಹಾಕಲು ಪೆನ್ಸಿಲ್ ಎತ್ತಿದ್ದೆ. ಆತ ಕೈ ಹಿಡಿದು ನಿಲ್ಲಿಸಿದ.

"ತಡೀರಿ ಸಾಹೇಬ್ರ, ನಡುವ ಗಾಳಿ ಗುಳ್ಳಿ ಐತಿ. ಅದು ಹೊರಗ ಬರೂತನಕ ಈ ಅಳತಿ ನಂಬಾಕ ಬರಂಗಿಲ್ಲ."

ಪೈಪನ್ನು ಬೆರಳಿನಿಂದ ಟಕಟಕನೆ ಬಡಿಯುತ್ತ, ಗುಳ್ಳೆಯನ್ನು ಇಂಚಿಂಚೇ ಮೇಲಕ್ಕೆ ನಡೆಸಿಕೊಂಡು ಬಂದು ಹೊರಗೆ ಬಿಟ್ಟ. ಆಮೇಲೆ ಅಳೆದಾಗ ಗಟಾರದ ತಳ ಹಿತ್ತಲ ತಗ್ಗಿಗಿಂತ 18 ಅಂಗುಲ ಕೆಳಗಿತ್ತು. ನಡುವಿನ ದೂರ 60 ಅಡಿ. ನೂರು ಅಡಿಗೆ ಒಂದು ಅಡಿಯಂತೆ ಇಳುಕಲು ಕೊಟ್ಟರೆ ಪೈಪು ಏಳು ಅಂಗುಲದ ಮೇಲೆ ಸ್ವಲ್ಪ ಇಳಿಯಬೇಕು. ಹಿತ್ತಲಿನಲ್ಲಿ ಹತ್ತು ಅಂಗುಲ ಆಳದಿಂದ ಶುರು ಮಾಡಿದರೂ ಗಟಾರದ ತಳ ಮುಟ್ಟುವ ಮೊದಲೇ ಹೊರಗೆ ಬಂದೀತು. ಉಳಿಯುವುದು ಒಂದು ಅಂಗುಲಕ್ಕೂ ಕಡಿಮೆ, ಆದರೂ ಸಾಕು ಎಂದಾಯಿತು.

ಕೆಲಸ ಚಾವಣಿಯಿಂದ ಶುರುವಾಯಿತು. ನೆಲದ ಮೇಲೆ ಬೀಳದ ನೀರನ್ನು ಬಸಿಯುವ ಪ್ರಶ್ನೆಯೇ ಇಲ್ಲವಲ್ಲ. ಪೈಪುಗಳನ್ನು ಒಂದುಗೂಡಿಸಿ 2,000 ಲೀಟರ್ ಟ್ಯಾಂಕಿಗೆ ಬಿಟ್ಟೆವು, ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲು ಒಂದು ಮುಚ್ಚಳದ ಪೈಪು ಇಟ್ಟೆವು. ಟ್ಯಾಂಕ್ ತುಂಬಿದ ಮೇಲಿನ ನೀರು ಬೇರೆ ಪೈಪಿನಲ್ಲಿ ನೇರ ಮುಂದಿನ ಗಟಾರಕ್ಕೆ. ಕೆಲವರು ಈ ನೀರನ್ನು ಒಳಚರಂಡಿಯ ಚೇಂಬರಿಗೆ ಸೇರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಚರಂಡಿಯ ಕೊಳವೆ ಮಳೆನೀರಿಗೆಂದು ಹಾಕಿದ್ದಲ್ಲ, ಅದು ತುಂಬಿ ತಗ್ಗಿನಲ್ಲಿರುವ ಯಾರದೋ ಬಚ್ಚಲಲ್ಲಿ ಹೊಲಸು ಉಕ್ಕುತ್ತದೆ.

ಗುಂಡಿಯ ಖಡಿಯನ್ನೆಲ್ಲ ಮೇಲೆತ್ತಿ ತೊಳೆದು ರಾಶಿ ಹಾಕಿ, ತಗ್ಗನ್ನು ಪದರು ಪದರಾಗಿ ಮಣ್ಣು ಹಾಕಿ ದಮ್ಮಸು ಮಾಡಿ ಮುಚ್ಚಿದೆವು. ಗೋಡೆಯ ಗುಂಟ ಹಾಕುವ ಮಣ್ಣಿನ ವಿಷಯದಲ್ಲಿ ಜಾಗ್ರತೆ ಬೇಕು. ಉಸುಕು ಹಾಕಿದರೆ ನೀರು ಅದರೊಳಗೆ ಇಳಿದು ಬುನಾದಿಗೇ ಹೋಗುತ್ತದೆ, ಎರೆ ಹಾಕಿದರೆ ಉಬ್ಬುತ್ತದೆ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಎರೆನೆಲದ ಮೇಲೆ ಅಂಟು ಇರುವ, ಆದರೆ ಉಬ್ಬದ ಮಣ್ಣಿನ ದಪ್ಪ ಪದರ ಹಾಕಿದರೆ ಕೆಳಗಿನ ಎರೆಯ ಉಬ್ಬು ಹತೋಟಿಗೆ ಬರುತ್ತದೆ ಎಂದು ತೋರಿಸಿಕೊಟ್ಟರು. ಎರೆನೆಲದ ಕಾಲುವೆಗಳ ಕೆಲಸದಲ್ಲಿ ಆ ವಿಧಾನ ಬಳಕೆಗೆ ಬಂತು. ಅದೇ ಬುದ್ಧಿಯನ್ನು ಇಲ್ಲಿ ಉಪಯೋಗಿಸಿದೆವು. ಸ್ವಲ್ಪ ಅಂಟಿರುವ ಕೆಂಪು ಗರಸನ್ನು ತರಿಸಿ, ಹದವಾಗಿ ನೀರು ಚಿಮುಕಿಸಿ, ಬಡಿದು ಬಡಿದು ಗೋಡೆಯಿಂದ ಹತ್ತು ಅಡಿಗೆ ಅರ್ಧ ಅಡಿ ಇಳಿಯುವಂತೆ ಇಳುಕಲು ಮಾಡಿದೆವು. ಒಗೆಯುವ ಕಲ್ಲಿನ ಸಾಬೂನು ನೀರಿಗೆ ಬೇರೆಯೇ ಪೈಪು ಹಾಕಿ ಬಚ್ಚಲ ನೀರಿನ ಜೊತೆ ಸೇರಿಸಿದ್ದಾಯಿತು.

ಇಳುಕಲಿನ ಕೊನೆಗೆ, ಕಂಪೌಂಡಿನಿಂದ ಒಂದೂವರೆ ಅಡಿ ಈಚೆ, ಬಸಿಗಾಲುವೆ. ಒಂದು ಅಡಿ ಅಗಲದ ಕಾಲುವೆ ತೆಗೆದು, ನೀರು ಬಿಟ್ಟು ಮಣ್ಣಿನ ಕಣ ಬಿಡದ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಸ್ವಲ್ಪ ಖಡಿ, ಖಡಿಯ ಮೇಲೆ ನಾಲ್ಕು ಅಂಗುಲದ ತೂತಿನ ಪಿವಿಸಿ ಪೈಪು, ಮತ್ತೆ ಖಡಿ. ತೂತು ಕೆಳಮುಖವಾಗಿರಬೇಕು. ಕೆಳಗಿನಿಂದ ಏರಿದ ನೀರು ಒಳಗೆ ಹೋಗಿ ಹರಿಯುತ್ತದೆ, ಕಸ ಮೇಲಿನಿಂದ ಬೀಳುವುದಿಲ್ಲ. ಪುಸ್ತಕದ ಚಿತ್ರಗಳಲ್ಲಿ ಖಡಿಯ ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿರುತ್ತಾರೆ. ಎರೆನೆಲದಲ್ಲಿ ಹಾಗೆ ಮುಚ್ಚಿದರೆ ಮೇಲಿನ ನೀರು ಪೈಪಿನವರೆಗೆ ಬರುವುದೇ ಇಲ್ಲ. ಖಡಿ ನೆಲದ ಮಟ್ಟಕ್ಕೆ ಬಂದು ಕಣ್ಣಿಗೆ ಕಾಣುತ್ತಿರಬೇಕು. ಮನೆಯ ಬದಿಯ ಓಣಿಗೆ ತಿರುಗಿದ ಮೇಲೆ ಬುನಾದಿ ಹತ್ತಿರವಾಗುತ್ತದೆ, ಅಲ್ಲಿ ತೂತಿಲ್ಲದ ಪೈಪು. ಗಟಾರಕ್ಕೆ ಸೇರುವ ಬಾಯಿಗೆ ನಾನ್-ರಿಟರ್ನ್ ವಾಲ್ವ್. ಬಯಲುಸೀಮೆಯ ಮಳೆ ಒಮ್ಮೆಲೇ ಸುರಿಯುತ್ತದೆ, ಗಟಾರ ತುಂಬಿದಾಗ ಅದರ ನೀರು ಹಿತ್ತಲಿಗೆ ವಾಪಸ್ ಬರಬಾರದು.

ಪಕ್ಕದ ಮನೆಯ ನೀರಿನ ವಿಷಯಕ್ಕೆ ಅಕ್ಕೋರು ಜಗಳಕ್ಕೆ ತಯಾರಾಗಿದ್ದರು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಎತ್ತರದ ಜಮೀನಿನಿಂದ ಸಹಜವಾಗಿ ಹರಿದು ಬರುವ ನೀರನ್ನು ಕೆಳಗಿನವರು ಬಿಟ್ಟುಕೊಳ್ಳಬೇಕಾಗುತ್ತದೆ. ಮಣ್ಣು ಹಾಕಿ ಎತ್ತರಿಸಿ, ಫರಸಿ ಹಾಸಿ ನೂಕಿದ ನೀರನ್ನು ಸಹಜ ಎನ್ನಲು ಬರುತ್ತದೆಯೇ ಎಂಬುದು ವಕೀಲರ ಮಾತು. ನಾನು ಕೋರ್ಟಿನ ದಾರಿ ಹೇಳಲಿಲ್ಲ. ಇಬ್ಬರನ್ನೂ ಒಂದು ಮಳೆಯ ದಿನ ಕಂಪೌಂಡಿನ ಹತ್ತಿರ ನಿಲ್ಲಿಸಿದೆ. ಪಕ್ಕದವರು ತಮ್ಮ ಫರಸಿಯ ಅಂಚಿಗೆ ಎರಡು ಸಾಲು ಇಟ್ಟಿಗೆಯ ಕಟ್ಟೆ ಕಟ್ಟಿ ನೀರನ್ನು ತಮ್ಮ ಮುಂದಿನ ಗೇಟಿಗೆ ತಿರುಗಿಸಿಕೊಂಡರು, ಖರ್ಚು ಅರ್ಧದಿನದ ಗೌಂಡಿ ಕೂಲಿ.

ಎಲ್ಲರ ಮನೆ ಮುಂದಿನ ಗಟಾರ ಇಷ್ಟು ಕೆಳಗೆ ಇರುವುದಿಲ್ಲ ಎಂಬುದು ನಿಜ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಎಷ್ಟೋ ಹಳೆಯ ಮನೆಗಳು ತಗ್ಗಿಗೆ ಹೋಗಿವೆ. ಹಳೆಯ ಪದರು ಕೆರೆದು ತೆಗೆದು ಹೊಸದು ಹಾಕಿ ಎಂದು ವಾರ್ಡಿನ ಜನ ಒಟ್ಟಾಗಿ ಕೇಳಲೇಬೇಕು. ಅಂಥ ಮನೆಗಳಲ್ಲಿ ಹಿತ್ತಲ ನೆಲವನ್ನೇ ಎತ್ತರಿಸಬೇಕಾಗುತ್ತದೆ, ಇಲ್ಲವೆ ಒಂದು ಸಣ್ಣ ತೊಟ್ಟಿಯಲ್ಲಿ ನೀರು ಕೂಡಿಸಿ ಪಂಪಿನಿಂದ ಎತ್ತಿ ಹಾಕಬೇಕಾಗುತ್ತದೆ. ಎರೆಯ ಪದರು ತೆಳ್ಳಗಿದ್ದು ಕೆಳಗೆ ಗರಸು ಸಿಗುವ ಕಡೆ ಇನ್ನೊಂದು ದಾರಿ ಇದೆ. ಎರೆಯನ್ನು ದಾಟಿ ಗರಸಿನೊಳಗೆ ಇಳಿಯುವಂತೆ ರಿಂಗ್ ಹಾಕಿದ ಇಂಗುಬಾವಿ ತೋಡಿ, ಸೋಸಿದ ಚಾವಣಿ ನೀರನ್ನು ಅದಕ್ಕೆ ಬಿಡಬಹುದು. ಸೈಟಿನಲ್ಲಿ ಬೋರ್ ಕೊರೆದಾಗ ಎಷ್ಟು ಅಡಿಗೆ ಮಣ್ಣಿನ ಬಣ್ಣ ಬದಲಾಯಿತು ಎಂದು ನೆನಪಿರುವವರನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

ಒಂದು ಟ್ರ್ಯಾಕ್ಟರ್ ಉಸುಕು ತಂದು ಎರೆಗೆ ಬೆರೆಸಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನೂ ಕೇಳಿರುತ್ತೀರಿ. ಸ್ವಲ್ಪ ಉಸುಕು ಬೆರೆತ ಜೇಡಿ ಒಣಗಿದಾಗ ಕಲ್ಲಾಗುತ್ತದೆ. ಮಣ್ಣಿನ ಗುಣವೇ ಬದಲಾಗಬೇಕೆಂದರೆ ಉಸುಕಿನ ಪಾಲು ಅರ್ಧದಷ್ಟಾದರೂ ಬೇಕು, ಅಷ್ಟನ್ನು ಯಾರೂ ತರುವುದಿಲ್ಲ. ಅದರ ಬದಲು ಪ್ರತಿ ವರ್ಷ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಎಲೆಗೊಬ್ಬರ ಕೊಡಿ. ಎರೆಯ ಸಣ್ಣ ಕಣಗಳು ಗೊಬ್ಬರದ ಜೊತೆ ಹರಳುಗಟ್ಟಿ ನಡುವೆ ಗಾಳಿಗೂ ನೀರಿಗೂ ಎಡೆ ಮಾಡಿಕೊಡುತ್ತವೆ. ಒದ್ದೆ ಇರುವಾಗ ಮಾತ್ರ ಆ ನೆಲ ತುಳಿಯಬೇಡಿ, ಅಗೆಯಬೇಡಿ.

ಪಪ್ಪಾಯಿಗೆ ಎರಡು ದಿನ ಬುಡದಲ್ಲಿ ನೀರು ನಿಂತರೂ ತಡೆಯದು, ಕೆಳಗಿನ ಎಲೆ ಹಳದಿಯಾಗಿ ಉದುರತೊಡಗುತ್ತದೆ. ಅಕ್ಕೋರ ಹಳೆಯ ಗಿಡಗಳೆರಡೂ ಹಾಗೆಯೇ ಹೋದವು, ಹೊಸದನ್ನು ಒಂದು ಅಡಿ ಎತ್ತರದ ಏರಿ ಮಾಡಿ ಹಚ್ಚಿದ್ದಾರೆ. ಬಸಿಗಾಲುವೆಯ ಬದಿಯ ತೇವಕ್ಕೆ ಕೆಸು, ಕಾಬಾಳೆ, ಒಂದೆಲಗ ಚೆನ್ನಾಗಿ ಹತ್ತಿವೆ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ಟ್ಯಾಂಕಿನ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿದ್ದೇವೆ. ಡೆಂಗಿ ಸೊಳ್ಳೆಗೆ ತೆಂಗಿನ ಚಿಪ್ಪು, ಹಳೆಯ ಟೈರಿನಷ್ಟು ನೀರೇ ಬೇಕಾದಷ್ಟಾಯಿತು, ಅವನ್ನು ಹಿತ್ತಲಿನಿಂದ ತೆಗೆಸಿದೆವು.

ಈಗ ಹೊಸ ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಕಳಕಳಿಯ ಕೋರಿಕೆ. ಕಂಪೌಂಡ್ ಏಳುವ ಮೊದಲು, ಬದಿಯ ಓಣಿಗೆ ಕಾಂಕ್ರೀಟ್ ಬೀಳುವ ಮೊದಲು, ಗೌಂಡಿಯ ಕೈಯಲ್ಲಿ ಲೆವೆಲ್ ಪೈಪ್ ಹಿಡಿಸಿ ಹಿತ್ತಲಿನಿಂದ ಗಟಾರದವರೆಗಿನ ಮಟ್ಟ ನೋಡಿಸಿ, ಒಂದು ನಾಲ್ಕು ಅಂಗುಲದ ಪೈಪನ್ನು ಇಳುಕಲು ಕೊಟ್ಟು ನೆಲದಲ್ಲಿ ಹೂಳಿಬಿಡಿ. ತಿರುವು ಇರುವ ಕಡೆ ಮುಚ್ಚಳ ತೆಗೆದು ಕೋಲು ಆಡಿಸಲು ಒಂದು ಚೇಂಬರ್ ಇರಲಿ. ಕಟ್ಟುವವರು ಬಿಟ್ಟುಹೋದ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆಗಳನ್ನು ಹಿತ್ತಲಿನ ಮಣ್ಣಿನಡಿ ಮುಚ್ಚಲು ಬಿಡದೆ ಎತ್ತಿಸಿ. ಹಿತ್ತಲಿಗೆಲ್ಲ ಫರಸಿ ಹಾಸಬೇಡಿ, ಗಿಡಕ್ಕಷ್ಟು ಮಣ್ಣು ಇರಲಿ. ಮತ್ತೆ ಪ್ರತಿ ವರ್ಷ ರೋಹಿಣಿ ಮಳೆ ಹೂಡುವುದರೊಳಗೆ ಚೇಂಬರಿನ ಮುಚ್ಚಳ ತೆಗೆದು, ಒಂದು ಕೊಡ ನೀರು ಹಿತ್ತಲ ತುದಿಯಿಂದ ಸುರಿದು, ಅದು ಗಟಾರದ ಬಾಯಲ್ಲಿ ಬರುತ್ತದೆಯೋ ಇಲ್ಲವೋ ಎಂದು ಒಬ್ಬರು ಅಲ್ಲಿ ನಿಂತು ನೋಡಿ.